ಕೌದಿಯ ಹೊಟ್ಟೆಗೊಂದು ತುತ್ತು

ನಮ್ಮ ಡೊಂಬಿವಲಿಯ ಮನೆಯಲ್ಲಿ ಕೌದಿ ಹೊಲಿಯಲು ಕೂಡಬೇಕೆಂದರೆ ಮೊದಲು ಸೋಫಾ ಜಾಗ ಬಿಡಬೇಕು. ಅದಕ್ಕೆ ಸರಿಯಲು ಇರುವುದು ಒಂದೇ ಕಡೆ, ಮಲಗುವ ಕೋಣೆಯ ಬಾಗಿಲಿಗೆ ಅಡ್ಡವಾಗಿ. ಕಳೆದ ಮಳೆಗಾಲದ ಬಹುಭಾಗ ನನ್ನ ಗಂಡ ಪ್ರತಿ ಬೆಳಿಗ್ಗೆ ಸೋಫಾ ಹತ್ತಿ, ಆಚೆ ಇಳಿದು, ಡಬ್ಬಿ ತೆಗೆದುಕೊಂಡು ಲೋಕಲ್ ಹಿಡಿಯಲು ಓಡಿದರು. "ಸ್ಟೇಷನ್ನಿಗೆ ಹೋಗೂ ಮೊದಲ ಮನ್ಯಾಗೂ ಒಂದು ಬ್ರಿಡ್ಜ್ ದಾಟೂದಾತು" ಎಂದು ಗೊಣಗಿದರೇ ಹೊರತು ಸೋಫಾ ಎಳೆಯಲಿಲ್ಲ. ಎಳೆಯುವ ಹಾಗಿರಲಿಲ್ಲ. ನೆಲದ ಮೇಲೆ ಅವ್ವ ಕೂತಿದ್ದಳು. ಅವಳು ಹೊಲಿಯುತ್ತಿದ್ದದ್ದು ನನ್ನ ಮಗಳ ಹೊಟ್ಟೆಯಲ್ಲಿದ್ದ ಕೂಸಿಗೆ.

"ಇದು ನನ್ನ ಕಡೀ ಕೌದಿ" ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. ಸಂಕಟದಿಂದ ಹೇಳಿದ ಮಾತಲ್ಲ, ಅಂಗಡಿಯವನು ಸಕ್ಕರೆ ಮುಗಿದಿದೆ ಎನ್ನುವ ಹಾಗೆ ಹೇಳಿದ ಮಾತು. ಅವಳ ಬಲಗೈ ಹೆಬ್ಬೆರಳಿನ ಗಂಟು ಊದಿಕೊಂಡಿದೆ. ನಾಲ್ಕು ಪದರದ ಬಟ್ಟೆಯೊಳಗೆ ಸೂಜಿ ಚುಚ್ಚುವುದು ಈಗಲೂ ಅವಳಿಂದಾಗುತ್ತದೆ, ಚುಚ್ಚಿದ ಸೂಜಿಯನ್ನು ಆಚೆಯಿಂದ ಜಗ್ಗುವುದು ಆಗುವುದಿಲ್ಲ. ಹಾಗಾಗಿ ನಾವಿಬ್ಬರೂ ಎದುರುಬದುರು ಕೂತೆವು. ಅವಳು ಚುಚ್ಚಬೇಕು, ನಾನು ಜಗ್ಗಬೇಕು. ಅವಳ ಕೈಯ ಹದಕ್ಕೂ ನನ್ನ ಕೈಯ ಹದಕ್ಕೂ ತಾಳೆಯಾಗದೆ ಮೊದಲ ಸುತ್ತಿನ ಹೊಲಿಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಆಯಿತು. ಬಿಚ್ಚಿ ಮತ್ತೆ ಹೊಲಿಯೋಣ ಎಂದೆ.

"ಇರಲಿ ಬಿಡ ಬೇ. ಎರಡು ಕೈಯಿಂದ ಆಗೇತಿ ಅಂತ ಗೊತ್ತಾಗಬೇಕು."

ಅವ್ವ ನಮ್ಮಲ್ಲಿಗೆ ಬಂದದ್ದು ನನ್ನ ಮಗಳ ಜೊತೆಗೆ. ವಿಜಯಪುರದ ತವರಿನಲ್ಲಿ ಹೆರಿಗೆಯಾಗಿ, ಕೂಸು ಮತ್ತು ಕೂಸಿನ ಕೌದಿ ಎರಡನ್ನೂ ಎತ್ತಿಕೊಂಡು ನಾನು ಡೊಂಬಿವಲಿಗೆ ಮರಳಿದಾಗ, ನಾನು ಕೆಲಸಕ್ಕೆ ಹೋಗುವ ಹೊತ್ತಿಗೆ ಕೂಸನ್ನು ನೋಡಿಕೊಳ್ಳಲೆಂದು ಅವಳು ಬಂದಳು. ಕೂಸು ದೊಡ್ಡವಳಾಗಿ, ಎಂಜಿನಿಯರಿಂಗ್ ಓದಿ, ಮೈಸೂರಿನ ಹುಡುಗನನ್ನು ಮದುವೆಯಾಗಿ ಐರೋಲಿಗೆ ಹೋದಳು. ಅವ್ವ ಇಲ್ಲೇ ಉಳಿದಳು. ತರಕಾರಿಯವನ ಜೊತೆ ಮರಾಠಿಯಲ್ಲಿ ಜಗಳವಾಡುತ್ತಾಳೆ, ರಿಕ್ಷಾದವನಿಗೆ ಹಿಂದಿಯಲ್ಲಿ ಬೈಯುತ್ತಾಳೆ, ಕೌದಿಯ ಹತ್ತಿರ ಮಾತ್ರ ಕನ್ನಡ. ಅಲ್ಲಿಯೂ ಪೂರ್ತಿ ಅಲ್ಲ. ಕೌದಿಯ ನಾಲ್ಕು ಮೂಲೆಗೆ ಮಡಿಚಿ ಇಡುವ ಮೂರು ಮೂಲೆಯ ತುಂಡನ್ನು ಅವಳು ಈಗ ಸಮೋಸಾ ಎನ್ನುತ್ತಾಳೆ. ಊರಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಅವಳಿಗೆ ಮರೆತಿದೆ. ನನಗೆ ಗೊತ್ತಿತ್ತೋ ಇಲ್ಲವೋ ಎಂಬುದೇ ಗೊತ್ತಿಲ್ಲ.

ನಾನು ಇತಿಹಾಸ ಓದಿದವಳು, ಎಂ.ಎ. ತನಕ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಇದರಿಂದ ಕಲಿತದ್ದು ಒಂದೇ: ಒಂದು ಘಟನೆ ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ ಎಂದರೆ ಅದನ್ನು ಇನ್ನಷ್ಟು ಅನುಮಾನಿಸಬೇಕು. ಅಂದು ನಡೆದದ್ದನ್ನು ಅಂದೇ ಬರೆದರೂ ಮಸಾಲೆ ಬಿದ್ದಿರುತ್ತದೆ. ನೆನಪೂ ಒಂದು ಕೌದಿಯ ಹಾಗೆ ಎಂದು ಬರೆಯುವ ಆಸೆ ಆ ತಿಂಗಳುಗಳಲ್ಲಿ ಹಲವು ಸಲ ಬಂತು. ಬರೆದು ಹೊಡೆದು ಹಾಕಿದೆ. ಆ ಹೋಲಿಕೆ ಸರಿಯಲ್ಲ. ಕೌದಿಯನ್ನು ಬಿಚ್ಚಿ ನೋಡಬಹುದು.

ನಾವು ಬಿಚ್ಚಿ ನೋಡಿದೆವು ಕೂಡ. ಹೊಸ ಕೌದಿಯ ಒಳಗೆ ಹಳೆಯ ಕೌದಿಯನ್ನು ಸೇರಿಸುವುದು ನಮ್ಮ ಮನೆಯ ಪದ್ಧತಿ. ಕೂಸಿನ ಮೈಗೆ ಹೊಸ ಬಟ್ಟೆ ಒರಟು. ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ಕೆಳಗಿನ ಪದರಕ್ಕೆ ಅವ್ವನ ಹಳೆಯ ಇಳಕಲ್ ಸೀರೆ. ಮೇಲೆ ಖಣದ ಕುಪ್ಪಸಗಳ ತುಂಡು ಮತ್ತು ನಾನು ಆಫೀಸಿಗೆ ಉಡುತ್ತಿದ್ದ ಕಾಟನ್ ಸೀರೆಗಳ ತುಂಡು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಸೆರಗು ಹರಿದವು. ನಡುವೆ ಹಾಸಲು ನನ್ನ ಮಗಳು ಮಲಗಿದ್ದ ಕೌದಿ. ಅದರ ಅಂಚು ಬಿಚ್ಚಿದಾಗ ಒಳಗೆ ಇನ್ನೂ ಹಳೆಯ ಕೌದಿಯೊಂದರ ತುಂಡು ಸಿಕ್ಕಿತು, ನಾನು ಮಲಗಿದ್ದದ್ದು ಎಂದಳು ಅವ್ವ. ಅದರೊಳಗೂ ಏನೋ ಇತ್ತು. ಅಷ್ಟರ ಹೊತ್ತಿಗೆ ಬಟ್ಟೆ ಬಟ್ಟೆಯಾಗಿ ಉಳಿದಿರಲಿಲ್ಲ, ಎಳೆ ಬಿಟ್ಟು ಅರಳೆಯ ಹಾಗೆ ಬೆರಳಿಗೆ ಹತ್ತುತ್ತಿತ್ತು. ಕೌದಿಯ ಇತಿಹಾಸ ಬರೆಯುವುದು ಯಾಕೆ ಕಷ್ಟ ಎಂದು ನನಗೆ ಆಗ ಅರ್ಥವಾಯಿತು. ತಾಮ್ರಪಟ ಉಳಿಯುತ್ತದೆ, ಶಾಸನ ಉಳಿಯುತ್ತದೆ. ಕೌದಿ ಮಾತ್ರ ಮುಂದಿನ ಕೌದಿಯ ಹೊಟ್ಟೆಗೆ ಹೋಗುತ್ತದೆ. ಉಳಿಯುವುದು ಹೊಲಿಯುವ ರೀತಿ ಒಂದೇ.

ನಮ್ಮ ರೀತಿ ಇದು: ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ಹಾಕುತ್ತ ಒಳಕ್ಕೆ ಬರಬೇಕು. ಹೊಲಿಗೆ ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಮೇಲಿನ ತುಂಡನ್ನು ಎತ್ತಿ, ಒಂದು ಚೂರು ರೊಟ್ಟಿ ಇಟ್ಟು, ಬಾಯಿ ಮುಚ್ಚಿ ಹೊಲಿಯಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ, ಅದರ ಮೇಲೆ ಮಲಗಿದ ಕೂಸು ಎಷ್ಟು ಕುಡಿಸಿದರೂ ಅಳುತ್ತದೆ. ಅವ್ವ ಇದನ್ನು ನಂಬುತ್ತಾಳೆಯೇ ಎಂದು ಕೇಳುವುದು ಮೂರ್ಖತನ. ಉಂಡವರ ಕೈ ತೊಳೆಸುವುದನ್ನು ಯಾರಾದರೂ ನಂಬುತ್ತಾರೆಯೇ? ಮಾಡುತ್ತಾರೆ, ಅಷ್ಟೆ.

ಮಗಳ ಹಳೆಯ ಕೌದಿಯ ಹೊಟ್ಟೆಯನ್ನು ಅವ್ವ ಬೇರೆಯಾಗಿ ಬಿಚ್ಚಿಸಿದಳು. "ಉಂಡೈತೋ ಇಲ್ಲೋ ನೋಡೂಣು." ಒಳಗೆ ಏನೂ ಇರಲಿಲ್ಲ. ಎಷ್ಟೋ ಸಲ ನೀರಲ್ಲಿ ನೆಂದು, ಒಗೆಸಿಕೊಂಡು, ರೊಟ್ಟಿ ಎಂದೋ ಹೋಗಿತ್ತು.

"ನೋಡು, ಬಳದು ಉಂಡೈತಿ" ಎಂದು ಅವ್ವ ಸಂತೋಷಪಟ್ಟಳು. ನನಗೆ ನಗು ಬಂತು. ಸಾಕ್ಷ್ಯ ತನ್ನನ್ನು ತಾನೇ ತಿಂದು ಮುಗಿಸಿತ್ತು.

ಒಂದು ಭಾನುವಾರ ಮಗಳು ನಮ್ಮಿಬ್ಬರನ್ನೂ ಠಾಣೆಯ ನೌಪಾಡಾಕ್ಕೆ ಕರೆದುಕೊಂಡು ಹೋದಳು. ಅಲ್ಲೊಂದು ಅಂಗಡಿಯಲ್ಲಿ ಕೂಸಿನ ಕೌದಿಗಳನ್ನು ಗೋಡೆಗೆ ನೇತು ಹಾಕಿದ್ದರು, ಕೆಳಗೆ ಹಳದಿ ದೀಪ. ಅಜ್ಜಿ ಇಷ್ಟು ಕಷ್ಟಪಡುವುದು ಬೇಡ ಎಂಬುದು ಅವಳ ಯೋಚನೆ.

"ಅಜ್ಜಿ, ನೋಡು ನಾ, ಕಿತ್ನಾ ಕ್ಯೂಟ್ ಐತಿ! ಆರ್ಡರ್ ಮಾಡಿದ್ರ ಬಾಬು ಹೆಸರೂ ಹಾಕ್ತಾರಂತ."

ಅವ್ವ ಮೇಲ್ಭಾಗವನ್ನು ನೋಡಲೇ ಇಲ್ಲ. ಒಂದನ್ನು ತಿರುವಿ ಹಿಂಭಾಗಕ್ಕೆ ಕೈಯಾಡಿಸಿದಳು, ನಡುವೆ ಬೆರಳಿನಿಂದ ಒತ್ತಿದಳು. ಮಷೀನಿನ ಹೊಲಿಗೆ ಉದ್ದಕ್ಕೂ ಗೆರೆ ಎಳೆದ ಹಾಗೆ ಹೋಗಿತ್ತು.

"ಛಂದೈತಿ. ಹೊಟ್ಟಿ ಎಲ್ಲೈತಿ ಇದಕ್ಕ?"

ಅಂಗಡಿಯ ಹುಡುಗಿ "ಕ್ಯಾ ಬೋಲ್ ರಹೀ ಹೈ ಆಂಟಿ?" ಎಂದಳು. "ಸ್ಟಮಕ್ ಪೂಛ್ ರಹೀ ಹೈ" ಎಂದು ನನ್ನ ಮಗಳು ಹೇಳಿದ ಮೇಲೆ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲುವ ಹಾಗಿರಲಿಲ್ಲ. ಹೊರಗೆ ಬಂದು ಮಗಳು ಅಜ್ಜಿಯ ಭುಜ ಹಿಡಿದು ನಗುತ್ತ, "ಓಕೆ, ನಿಂದ ಕೌದಿನ ಬೇಕು. ಲೇಕಿನ್ ಜಲ್ದಿ ಮುಗಸು" ಎಂದಳು. ಅವ್ವನ ಮುಖ ಅಂದು ಇಡೀ ದಿನ ಬೆಳಗುತ್ತಿತ್ತು.

ಕೌದಿ ಮುಗಿಯುವ ದಿನ ಮಳೆ ಹಿಡಿದಿತ್ತು. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು, ಅವ್ವ ಬಿಸಿ ರೊಟ್ಟಿಯ ಅಂಚು ಮುರಿದು, ಅದಕ್ಕೆ ತುಪ್ಪ ಸವರಿದಳು. ಚಮಚದಿಂದಲ್ಲ, ಬೆರಳಿನಿಂದ, ಎರಡೂ ಬದಿಗೆ.

"ತುಪ್ಪ ಯಾಕವ್ವಾ? ಅಜ್ಜಿ ಕಟಕ ರೊಟ್ಟಿ ಇಡತಿದ್ದಳಲ್ಲ?" ಎಂದೆ, ಅವ್ವನ ತಾಯಿಯ ಮಾತೆತ್ತಿ. ಕಟಕ ರೊಟ್ಟಿ ಎಂದರೆ ಒಲೆಯ ಮಗ್ಗುಲಲ್ಲಿ ಒಣಗಿಸಿ ತಿಂಗಳುಗಟ್ಟಲೆ ಇಡುವ ಗರಿಗರಿ ರೊಟ್ಟಿ.

"ನೀ ಎಲ್ಲಿ ನೋಡಿದ್ದಿ?"

"ನೋಡೀನಿ. ಮುರದಾಗ ಸಪ್ಪಳ ಬಂದಿತ್ತು."

"ಸಪ್ಪಳ ನೆನಪೈತಿ, ತುಪ್ಪ ನೆನಪಿಲ್ಲ! ಭಾರೀ ಶ್ಯಾಣ್ಯಾಕಿ. ಬರಕೊ, ನಿನ್ನ ಡೈರ್ಯಾಗ ಬರಕೊ."

ಅಜ್ಜಿಯ ಕೈ, ಮಡಿಲಲ್ಲಿ ಕೌದಿ, ಮುರಿದ ರೊಟ್ಟಿಯ ಸದ್ದು, ಇಷ್ಟು ನನ್ನ ಕಣ್ಣ ಮುಂದಿತ್ತು. ಆದರೆ ಆ ಸದ್ದು ಕೌದಿಯದೇ ಎಂದು ಹೇಗೆ ಹೇಳಲಿ? ಅಜ್ಜಿಯ ಮನೆಯಲ್ಲಿ ಕಟಕ ರೊಟ್ಟಿಯ ಸದ್ದು ದಿನಾ ಕೇಳುತ್ತಿತ್ತು. ಮೂರು ಹೊತ್ತಿನ ಊಟದ ಸದ್ದೊಂದು ಬಂದು ಈ ಚಿತ್ರಕ್ಕೆ ಅಂಟಿಕೊಂಡಿರಬಹುದು. ಅವ್ವ ಎಷ್ಟೋ ಕೌದಿ ಹೊಲಿದವಳು, ನಾನು ನೋಡಿದವಳು. ನನ್ನ ನೆನಪಿನ ಮೇಲಿನ ಅನುಮಾನ ನನಗೆ ಅಭ್ಯಾಸವಾಗಿ ಹೋಗಿದೆ. ಅಂದೂ ಅದನ್ನೇ ಮಾಡಿದೆ. ತುಪ್ಪದ ರೊಟ್ಟಿ ಕೌದಿಯ ಹೊಟ್ಟೆ ಸೇರಿತು, ಅವ್ವ ಚುಚ್ಚಿದಳು, ನಾನು ಜಗ್ಗಿದೆ, ಬಾಯಿ ಮುಚ್ಚಿತು.

ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕಬೇಕು. ಮಳೆಗಾಲದ ಡೊಂಬಿವಲಿಯಲ್ಲಿ ಬಿಸಿಲು ಎಲ್ಲಿಂದ ತರುವುದು? ಬಟ್ಟೆ ಒಣಗಿಸುವ ಹಗ್ಗದ ಮೇಲಿನ ಟವೆಲ್ಲೇ ಮೂರು ದಿನ ತಣ್ಣಗಿರುತ್ತದೆ. ನಾನು ಇಸ್ತ್ರಿ ಪೆಟ್ಟಿಗೆ ಓಡಿಸಿದೆ. ನಡುವೆ ಒಂದು ಎಣ್ಣೆಯ ಕಲೆ ಎದ್ದಿತು. ಅವ್ವನ ತಲೆಗೂದಲ ಎಣ್ಣೆ ಇರಬೇಕೆಂದುಕೊಂಡೆ. ಅಷ್ಟು ಓದಿದ್ದೇನೆ, ಬಿಸಿ ತಾಗಿದರೆ ತುಪ್ಪ ಕರಗುತ್ತದೆ ಎಂಬುದು ಹೊಳೆಯಲಿಲ್ಲ.

ಮಗಳಿಗೆ ಠಾಣೆಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಹೆಣ್ಣು ಕೂಸು ಹುಟ್ಟಿತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಮೂರನೇ ಮಹಡಿ. ಹಾಗಾಗಿ ಬಾಣಂತನ ಐರೋಲಿಯಲ್ಲೇ ಎಂದಾಯಿತು. ಮೈಸೂರಿನಿಂದ ಬೀಗಿತ್ತಿ ಬಂದು ನಿಂತರು, ನಾನು ದಿನ ಬಿಟ್ಟು ದಿನ ಓಡಾಡಿದೆ. ತೊಟ್ಟಿಲಿಗೆ ಹಾಕುವ ದಿನ ಅವ್ವನನ್ನೂ ಕೌದಿಯನ್ನೂ ಕರೆದುಕೊಂಡು ಹೊರಟೆ. ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹತ್ತಿದಾಗ, ಲೇಡಿಸ್ ಡಬ್ಬಿಯ ಬಾಗಿಲ ಹತ್ತಿರ ಕೂತಿದ್ದ ಹೆಂಗಸೊಬ್ಬಳು ಚೀಲದಿಂದ ಇಣುಕುತ್ತಿದ್ದ ಖಣದ ತುಂಡನ್ನು ನೋಡಿದಳು. ತಲೆಗೆ ಟವೆಲ್ ಸುತ್ತಿಕೊಂಡು ಕಟ್ಟಡದ ಕೆಲಸಕ್ಕೆ ಹೊರಟವಳು, ಮಾತು ಕಲಬುರಗಿ ಕಡೆಯದು.

"ಕೌದಿ ಏನ್ರೀ ಅಮ್ಮಾ?"

"ಹೌದವಾ. ಮರಿಮೊಮ್ಮಗಳದು" ಎಂದಳು ಅವ್ವ, ಚೀಲದ ಬಾಯಿ ಅಗಲ ಮಾಡಿ.

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಆಮೇಲೆ ಕೌದಿ ಮುಟ್ಟಿದಳು. "ಉಣ್ಣಿಸೀರಿಲ್ಲೋ?"

"ತುಪ್ಪಾ ಹಚ್ಚಿ ಉಣಿಸೀನಿ!"

"ಅಬ್ಬಾ, ನಮಗೇ ಇಲ್ಲ ತುಪ್ಪ. ಪುಣ್ಯವಂತ ಕೌದಿ ಬಿಡ್ರಿ." ಇಬ್ಬರೂ ನಕ್ಕರು. ಐರೋಲಿ ಬರುವವರೆಗೂ ಅವ್ವ ಸೀಟಿನ ಮೇಲೆ ಮಹಾರಾಣಿಯಂತೆ ಕೂತಿದ್ದಳು.

ಮಗಳ ಮನೆ ಹದಿನಾಲ್ಕನೇ ಮಹಡಿ. ಕಿಟಕಿಯಿಂದ ಖಾಡಿಯ, ಒಳನುಗ್ಗಿದ ಸಮುದ್ರದ, ನೀರು ಕಾಣುತ್ತದೆ. ತೊಟ್ಟಿಲು ಬಾಡಿಗೆಗೆ ತಂದದ್ದು, ಹೂವು ಬೀಗಿತ್ತಿ ಮಾಟುಂಗದಿಂದ ತರಿಸಿದ್ದು. ಅವ್ವ ಕೌದಿಯನ್ನು ಬೀಗಿತ್ತಿಯ ಕೈಗೆ ಕೊಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡರು.

"ನಮ್ಮ ಕಡೆ ಇದು ಇಲ್ಲ ನೋಡಿ. ನಾವು ಹಳೇ ಪಂಚೆ ಮಡಿಸಿ ಹಾಸ್ತೀವಿ ಅಷ್ಟೆ. ಎಷ್ಟು ಚೆನ್ನಾಗಿದೆ ಅಮ್ಮಾ, ಈ ವಯಸ್ಸಲ್ಲಿ!"

ಅವರು ಕೌದಿಯನ್ನು ತೊಟ್ಟಿಲಲ್ಲಿ ಹಾಸಿ, ಶಾಸ್ತ್ರಕ್ಕೆ ಅಣಿ ಮಾಡಲು ಒಳಗೆ ಹೋದರು. ಅಕ್ಕಪಕ್ಕದ ಮನೆಯವರು ಬಂದರು, ಅರಿಶಿನ ಕುಂಕುಮ ಆಯಿತು, ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಕೂಸನ್ನು ಎತ್ತಿಕೊಂಡು ತೊಟ್ಟಿಲ ಹತ್ತಿರ ಬಂದವಳು ನಿಂತುಬಿಟ್ಟಳು.

"ಮಮ್ಮಿ. ಮಮ್ಮಿ, ಮುಂಗ್ಯಾ ಬಘ್!"

ಗಾಬರಿಯಾದರೆ ಅವಳಿಗೆ ಮರಾಠಿಯೇ ಬರುತ್ತದೆ. ಇರುವೆ. ಬಾಲ್ಕನಿಯಿಂದ ಗೋಡೆ ಹಿಡಿದು, ತೊಟ್ಟಿಲ ಕಾಲು ಹತ್ತಿ, ಸಣ್ಣ ಕಪ್ಪು ಇರುವೆಗಳ ಸಾಲು ಕೌದಿಯ ನಟ್ಟನಡುವಿನ ಎಣ್ಣೆ ಕಲೆಗೆ ಬಂದು ತಲುಪಿತ್ತು. ಹೊಟ್ಟೆಯ ಸುತ್ತ ಅವು ಹೊಲಿಗೆಯ ಸಾಲಿನ ಹಾಗೆಯೇ ಸುತ್ತು ಹಾಕುತ್ತಿದ್ದವು. ಕೂಸನ್ನು ಇನ್ನೂ ಮಲಗಿಸಿರಲಿಲ್ಲ, ಅದೊಂದು ಸಮಾಧಾನ.

ಬೀಗಿತ್ತಿ ಗಟ್ಟಿಗಿತ್ತಿ. ಒಂದು ಮಾತೂ ಜೋರಾಗಿ ಆಡದೆ ಕೌದಿ ಎತ್ತಿ, ಬಾಲ್ಕನಿಯಲ್ಲಿ ಜಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದರು. ಅಂಗಡಿಯಿಂದ ತಂದಿದ್ದ ಬಾತುಕೋಳಿ ಚಿತ್ರದ ಹಾಸಿಗೆ ತೊಟ್ಟಿಲಿಗೆ ಬಂತು. "ಇರುವೆ ತಾನೆ ಬಿಡಿ ಅಮ್ಮಾ, ಮಳೆಗಾಲ. ಆಮೇಲೆ ನೋಡೋಣ" ಎಂದರು. ಆ 'ಆಮೇಲೆ' ಎಂದರೇನೆಂದು ಅವ್ವನಿಗೆ ಗೊತ್ತಿತ್ತು. ಹಾಡು ಹೇಳಿ ಅಜ್ಜಿ ಎಂದು ಎಲ್ಲರೂ ಒತ್ತಾಯಿಸಿದರೂ ಅವಳು ಬಾಯಿ ಬಿಡಲಿಲ್ಲ. ಹೊರಡುವಾಗ ಕವರನ್ನು ತಾನೇ ಎತ್ತಿಕೊಂಡಳು.

ಗಾಡಿಯಲ್ಲಿ ಒಂದೇ ಮಾತು: "ಇದನ್ನ ಹರದು ನೆಲಾ ವರಸೂ ಅರಿವಿ ಮಾಡು."

ಮುಂದಿನ ಕೆಲವು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿರಲಿಲ್ಲ. ಅವ್ವ ಅನ್ನ ಮಾಡಿದಳು. ಸೋಫಾ ತನ್ನ ಜಾಗಕ್ಕೆ ಮರಳಿತು. ಗಂಡ ಅದರ ಮೇಲೆ ಕೂತು ಟಿ.ವಿ. ನೋಡಿದರು, ಆದರೆ ಅವರಿಗೂ ಅದರಲ್ಲಿ ಸುಖ ಕಂಡಂತಿರಲಿಲ್ಲ. ನಾನು ಯೋಚಿಸಿದೆ. ಇನ್ನೊಂದು ಕೌದಿ ಹೊಲಿಯಲು ಅವ್ವನಿಂದಾಗದು. ನಾನೊಬ್ಬಳೇ ಹೊಲಿದರೆ ಅದು ನನ್ನ ಕೌದಿ, ಅವಳದಲ್ಲ. ಇದ್ದದ್ದು ಇದೊಂದೇ. ಮತ್ತು ಇದರಲ್ಲಿ ಕೆಟ್ಟದ್ದು ಅಂಗೈಯಗಲ ಜಾಗ ಮಾತ್ರ. ಅಂಚಿನಿಂದ ಒಳಕ್ಕೆ ಹೊಲಿಯುವ ನಮ್ಮ ರೀತಿಯ ಲಾಭ ಇಲ್ಲಿದೆ: ಕೊನೆಯದಾಗಿ ಮುಚ್ಚಿದ್ದು ಹೊಟ್ಟೆ, ಮೊದಲು ಬಿಚ್ಚುವುದೂ ಹೊಟ್ಟೆ. ಉಳಿದ ಒಂದು ಎಳೆಗೂ ಕೈ ಹಚ್ಚಬೇಕಾಗಿಲ್ಲ. ಇದರಲ್ಲಿ ನನಗೆ ಅನುಮಾನವಿರಲಿಲ್ಲ. ನೆನಪಿನ ವಿಷಯ ಅಲ್ಲವಲ್ಲ, ಹೊಲಿಗೆಯ ವಿಷಯ.

ಸೋಫಾ ಸರಿಸಿ, ಕೌದಿ ಹಾಸಿ, ಕತ್ತರಿ ಹಿಡಿದು ಕೂತೆ. ಅಡುಗೆಮನೆಯಿಂದ ಅವ್ವ ಓಡಿ ಬಂದಳು.

"ಹೊಟ್ಟಿಗೆ ಕತ್ತರಿ ಹಾಕತೀಯೇನ ಬೇ?"

"ಹಾಕತೀನಿ."

"ಮಗಳಿಗೂ ಕೊಯ್ಸಿದಿ, ಕೌದಿಗೂ ಕೊಯ್ಯಿ! ದೊಡ್ಡ ಡಾಕ್ಟ್ರು!"

ಎಷ್ಟೋ ದಿನದ ಮೇಲೆ ಅವಳು ಬೈದದ್ದು. ನನಗೆ ಧೈರ್ಯ ಬಂತು. ಒಳಗಿನ ಸುತ್ತು ಬಿಚ್ಚಿ ತುಂಡನ್ನು ಎತ್ತಿದೆ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ರೊಟ್ಟಿ ಮೆತ್ತಗಾಗಿ ಕಪ್ಪು ಬೂಸ್ಟು ಹಿಡಿದಿತ್ತು, ಸುತ್ತ ಸತ್ತ ಇರುವೆಗಳು. ವಿಜಯಪುರದ ಒಣ ಗಾಳಿಯಲ್ಲಿ ಒಣಗಿ ಕಟ್ಟಿಗೆಯಾಗುತ್ತಿದ್ದ ಚೂರು ಖಾಡಿಯ ಗಾಳಿಯಲ್ಲಿ ಹೀಗಾಗಿತ್ತು. ಅವ್ವ ಬಗ್ಗಿ ನೋಡಿದಳು, ನನ್ನ ಎದುರಿಗೆ ಕೂತಳು, ಚುಚ್ಚುವವಳ ಜಾಗದಲ್ಲಿ.

"ನಮ್ಮವ್ವ ಕಟಕ ರೊಟ್ಟೀನ ಇಡತಿದ್ದಳು" ಎಂದಳು. "ತುಪ್ಪ ನಾನ ಹಚ್ಚಿದ್ದು. ಕಡೀ ಕೌದಿ. ಅದಕ್ಕ ಒಣಾ ರೊಟ್ಟಿ ಹೆಂಗ ಕೊಡಲಿ ಅಂತ."

ಅಂದರೆ ನನ್ನ ನೆನಪು ಸರಿಯಾಗಿತ್ತು. ಅಥವಾ ಅವ್ವ ನನ್ನ ಮುಂದೆ ಸೋತು ಹಾಗೆ ಹೇಳಿದಳು. ಅಥವಾ ನಾನು ಅಂದು ಹೇಳಿದ ಆ ಸಪ್ಪಳ ಇಷ್ಟು ದಿನದಲ್ಲಿ ಅವಳ ನೆನಪಿನೊಳಕ್ಕೂ ಹೋಗಿ ಕೂತಿತ್ತು. ಮೂರನ್ನೂ ಡೈರಿಯಲ್ಲಿ ಬರೆದಿದ್ದೇನೆ, ಆರಿಸಿಲ್ಲ. ತುಪ್ಪದ ವಿಷಯ ಮಾತ್ರ ನಿಜ ಎಂದು ಬಲ್ಲೆ. ಅವಳ ಬೆರಳು ಎರಡೂ ಬದಿಗೆ ಹೋಗಿದ್ದನ್ನು ನಾನೇ ನೋಡಿದ್ದೆ.

ಬಿಚ್ಚಿದ್ದು ಸುಲಭ, ಮತ್ತೆ ತುಂಬುವುದು ಕಷ್ಟವಾಯಿತು. ರೊಟ್ಟಿ ಇಡುವ ಹಾಗಿಲ್ಲ. ಖಾಲಿ ಬಿಡುವುದಕ್ಕೆ ಅವ್ವ ಒಪ್ಪುವುದಿಲ್ಲ. ನಡುಭಾಗವನ್ನು ಸೋಪಿನಿಂದ ತಿಕ್ಕಿ ತೊಳೆದು ಫ್ಯಾನಿನ ಕೆಳಗೆ ಹಾಕಿದ್ದಾಗ ಕೆಳಗಿನ ಮನೆಯ ಮರಾಠಿ ಕಾಕೂ ಬಂದರು. ಅವ್ವನ ವಾರಿಗೆಯವರು, ಮಗಳನ್ನು ಆಡಿಸಿದವರು. ನಮ್ಮ ಮನೆಯಲ್ಲಿ ಓಡಾಡಿ ಅವರಿಗೆ ಕನ್ನಡ ಅರ್ಧ ಬರುತ್ತದೆ. ಅವರೂ ಗೋಧಡಿ ಹೊಲಿದವರೇ, ಹೆಸರು ಬೇರೆ ಅಷ್ಟೆ. ವಿಷಯ ಕೇಳಿ ಹಣೆ ಬಡಿದುಕೊಂಡರು.

"ಅಹೋ ಆಜೀ, ಮುಂಬೈ ಮಳೀಲಿ ರೊಟ್ಟಿ ಇಡತಾರೆ ಕಾ? ಆಮಚ್ಯಾಕಡೆ ಘಾಸ್ ಕಾಪಡಾಚಾ. ತುತ್ತು ಬಟ್ಟೇದು. ಸಣ್ಣ ತುಂಡು ಮಡಿಚಿ ಇಟ್ಟು, ಬಸ್, ಝಾಲಂ."

"ಬಟ್ಟಿ ತಿಂದರ ಯಾರ ಹೊಟ್ಟಿ ತುಂಬತೈತಿ?" ಎಂದಳು ಅವ್ವ.

"ಗೋಧಡೀಚಂ ಪೋಟ್ ತುಂಬತೈತಿ! ಅದು ಸ್ವತಃ ಬಟ್ಟೀನೇ ಹೈ ನಾ?"

"ನಿಮ್ಮ ಗೋಧಡಿ ಉಪವಾಸ ಬಿದ್ದಿರಬೇಕು ಹಂಗಾರ. ಅದಕ್ಕ ನಿಮ್ಮ ಮೊಮ್ಮಗ ಅಷ್ಟು ಸೊರಗ್ಯಾನ."

"ಆಣಿ ತುಮಚ್ಯಾ ಕೌದೀಲಾ ಇರುವೆ ಜೇವಣ, ಇರುವೆ ಊಟ!"

ಇಬ್ಬರೂ ಹೀಗೆ ಕಾದಾಡಿದರು. ಗೋಧಡಿಯಿಂದ ಕೌದಿ ಬಂತೇ, ಕೌದಿಯಿಂದ ಗೋಧಡಿ ಬಂತೇ ಎಂಬ ಪ್ರಶ್ನೆಗೆ ನನ್ನ ಓದು ಉತ್ತರ ಕೊಡಲಾರದು. ಎರಡೂ ಒಂದೇ ಬಗೆಯ ಹೆಂಗಸರಿಂದ ಬಂದವು ಎಂಬುದನ್ನು ಮಾತ್ರ ಆ ಮಧ್ಯಾಹ್ನ ಕಣ್ಣಾರೆ ಕಂಡೆ. ಕಾಕೂ ಚಹಾ ಕುಡಿದು ಹೋದರು. ಅವ್ವ ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

ಹೊರಗೆ ಬಂದಾಗ ಅವಳ ಕೈಯಲ್ಲಿ ರೊಟ್ಟಿ ಸುತ್ತುವ ಬಟ್ಟೆ ಇತ್ತು. ರೊಟ್ಟಿ ಮೆತ್ತಗೆ ಉಳಿಯಲೆಂದು ಡಬ್ಬಿಯೊಳಗೆ ಹಾಸಿ ಸುತ್ತುವ ಧೋತರದ ತುಂಡು. ಅದನ್ನು ಅವಳು ಊರಿನಿಂದ ತಂದಿದ್ದಳು. ಈ ಮನೆಯಲ್ಲಿ ಬಡಿದ ರೊಟ್ಟಿಯೆಲ್ಲ ಅದರೊಳಗೆ ಆರಿದ್ದು. ದಿನಾ ಒಗೆದರೂ ಜೋಳದ ಬಣ್ಣ ಬಿಟ್ಟಿರಲಿಲ್ಲ. ಮೂಗಿಗೆ ಹಿಡಿದರೆ ಸೋಪಿನ ಹಿಂದೆ ಎಲ್ಲೋ ಹಂಚಿನ ವಾಸನೆ.

"ಇದು ಬಟ್ಟೀನೂ ಹೌದು. ಇದರಷ್ಟು ರೊಟ್ಟಿ ಉಂಡದ್ದು ಈ ಮನ್ಯಾಗ ಇನ್ನೊಂದಿಲ್ಲ" ಎಂದಳು. ನನ್ನಿಂದ ಕತ್ತರಿ ಕಸಿದುಕೊಂಡು ಮೂಲೆಯಿಂದ ಒಂದು ತುಂಡು ಕತ್ತರಿಸಿದಳು. ತುತ್ತಿನಷ್ಟೇ, ಹೆಚ್ಚಲ್ಲ.

ಅವಳು ಅದನ್ನು ಮಡಿಚಿ ಹೊಟ್ಟೆಯೊಳಗೆ ಇಟ್ಟಳು. ಚುಚ್ಚಿದಳು. ನಾನು ಜಗ್ಗಿದೆ. ಈ ಸಲ ಹೊಲಿಗೆ ಒಂದೇ ಸಮ ಬಂತು. ತಿಂಗಳುಗಳಲ್ಲಿ ನನ್ನ ಕೈ ಅವಳ ಕೈಗೆ ಹೊಂದಿಕೊಂಡಿತ್ತು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು.

ಐರೋಲಿಗೆ ನಾನೊಬ್ಬಳೇ ಹೋದೆ. ಅವ್ವ ಬರಲು ಒಪ್ಪಲಿಲ್ಲ. "ಮತ್ತ ಇರಬಿ ಬಂದರ ನಾ ಅಲ್ಲಿ ಇರೂದಿಲ್ಲ." ಬೀಗಿತ್ತಿಗೆ ನಡೆದದ್ದೆಲ್ಲ ಹೇಳಿದೆ, ಮುಚ್ಚಿಡದೆ. ಅವರು ಕೌದಿಯ ನಡುಭಾಗವನ್ನು ಮೂಗಿಗೆ ಹಿಡಿದರು, ಬೆಳಕಿಗೆ ಹಿಡಿದರು, ಬೆರಳಿನಿಂದ ಒತ್ತಿದರು. ನೌಪಾಡಾದ ಅಂಗಡಿಯಲ್ಲಿ ಅವ್ವ ಒತ್ತಿದ ಹಾಗೆಯೇ.

"ಒಳಗಿರೋದು ಬಟ್ಟೆ ತಾನೆ? ಒಗೀಬಹುದಾ?"

"ಎಷ್ಟು ಬೇಕಾದ್ರೂ ಒಗೀರಿ ಅಕ್ಕಾರ."

"ಹಾಗಿದ್ರೆ ಸರಿ." ಒಂದು ರಾತ್ರಿ ಕೌದಿಯನ್ನು ಬಾಲ್ಕನಿಯ ನೆಲದ ಮೇಲೆ ಹಾಸಿ ಬಿಟ್ಟು ಪರೀಕ್ಷೆ ಮಾಡಿದರಂತೆ. ನನಗದು ಆಮೇಲೆ ಮಗಳಿಂದ ಗೊತ್ತಾಯಿತು. ನನಗೆ ಬೇಸರವಾಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಫಲಿತಾಂಶವನ್ನು ಬರೆದೂ ಇಡುತ್ತಿದ್ದೆ.

ಮರುದಿನ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಅವ್ವ ಫೋನನ್ನು ಕನ್ನಡಿಯ ಹಾಗೆ ಮುಖದ ಹತ್ತಿರ ಹಿಡಿದಳು. ತೆರೆಯ ಮೇಲೆ ಬೀಗಿತ್ತಿ, ಹಿಂದೆ ಬಾಲ್ಕನಿ, ತಂತಿಯ ಮೇಲೆ ನೆನೆದ ಕೌದಿ ತೂಗುತ್ತಿತ್ತು. ಅವ್ವನ ಮುಖ ಬಿಳಿಚಿಕೊಂಡಿತು.

"ಯಾಕ? ಮತ್ತ ಬಂದುವೇನು?"

"ಇರುವೆ ಅಲ್ಲ ಅಮ್ಮಾ, ನಿಮ್ಮ ಮರಿಮೊಮ್ಮಗಳು! ಬೆಳಿಗ್ಗೆ ಅದರ ಮೇಲೆ ಮಲಗಿಸಿದ್ದೇ ತಡ. ಬಾತುಕೋಳಿ ಹಾಸಿಗೆ ಮೇಲೆ ಒಂದು ದಿನಾನೂ ಹೀಗೆ ಮಾಡಿರಲಿಲ್ಲ. ಆಮೇಲೆ ನೋಡಿ, ಒದ್ದೆಯಲ್ಲೇ ಬಿದ್ಕೊಂಡು ನಿದ್ದೆ!"

"ಉಚ್ಚಿ ಹೊಯ್ಕೊಂಡ್ಳೇನು?"

"ಕೌದಿ ಪೂರ್ತಿ!"

ಅವ್ವ ಫೋನನ್ನು ನನ್ನ ಮಡಿಲಿಗೆ ಹಾಕಿ ಗೋಡೆಗೆ ಒರಗಿ ಕೂತಳು. ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ನಿಧಾನವಾಗಿ ನೀವಿಕೊಂಡಳು.

"ಹಂಗಾರ ಅದು ಅಕೀದಾತು" ಎಂದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಏನ್ರೀ, ಇನ್ನ ಸೋಫಾ ಅದರ ಜಾಗಕ್ಕ ಹಚ್ಚರಿ" ಎಂದಳು.